ಬಗ್ಗಿದರೆ ಎರಡು ಕೆಲಸ

"ಹೂಂ, ಎಲ್ರೂ ಕೈ ಹಚ್ರೇ! ಉರುಳ್ಸಿ ಬಿಟ್ರೆ ಆತು," ಎನ್ನುತ್ತ ಪರಮೇಶ್ವರಿ ನೀಲಿ ಡ್ರಮ್ಮಿಗೆ ಭುಜ ಕೊಟ್ಟಳು. ಎಪ್ಪತ್ತೆರಡರ ಮುದುಕಿಯ ಭುಜಕ್ಕೆ ಇನ್ನೂರು ಲೀಟರಿನ ಡ್ರಮ್ಮು ಅಲುಗುವುದುಂಟೇ? ಅದು ಕಲ್ಲಿನ ಕಟ್ಟೆಯ ಮೇಲೆ ಕೂತಲ್ಲೇ ಕೂತಿತ್ತು. ಒಳಗಿನ ನೀರು ಮಾತ್ರ ಒಮ್ಮೆ ತುಳುಕಿ ಸುಮ್ಮನಾಯಿತು.

ಕಮಲಿಯ ಹೆಣ ಹೊತ್ತ ಗಂಡಸರು ಓಣಿಯ ತಿರುವು ದಾಟಿ ಐದು ನಿಮಿಷವೂ ಆಗಿರಲಿಲ್ಲ. ಮಿರ್ಜಾನದ ಆ ಕೇರಿಯಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿ ಇಲ್ಲ. ಅವರಿಗೆ ಮನೆಯಲ್ಲೇ ಬೇಕಾದಷ್ಟು ಕೆಲಸ ಇರುತ್ತದೆ. ಸಾವಾದ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಬೇಕು. ಬಾವಿಯಿಂದ ಹೊಸ ನೀರು ಸೇದಿ ತಂದು ಮೂಲೆಮೂಲೆಯನ್ನೂ ತೊಳೆಯಬೇಕು. ಹಾಸಿಗೆ, ಸೀರೆ, ಪಾತ್ರೆ ಎಲ್ಲ ನೀರು ಕಾಣಬೇಕು. ಗಂಡಸರು ಹೊಳೆದಂಡೆಯಿಂದ ಹಿಂತಿರುಗಿ, ಬಾವಿಕಟ್ಟೆಯಲ್ಲಿ ಮಿಂದು, ಬಿಚ್ಚಿ ಎಸೆದ ಬಟ್ಟೆಗಳನ್ನೂ ಒಗೆಯಬೇಕು. ಅಳುವುದಕ್ಕೆ ಇದರ ನಡುವೆ ಎಲ್ಲಿ ಪುರುಸೊತ್ತು ಸಿಗುತ್ತದೋ ಅಲ್ಲಿ ಅಳಬೇಕು.

ಕಮಲಿಯ ಸೊಸೆ ವೀಣಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಡ್ರಮ್ಮಿನ ಮೇಲಿರಲಿಲ್ಲ. ಪರಮೇಶ್ವರಿಯ ಕಾಲ ಬಳಿ ಬಟ್ಟೆಯ ಗಂಟೊಂದು ಬಿದ್ದಿತ್ತು, ಅದರ ಸಂದಿಯಿಂದ ಖಾಕಿ ತೋಳು ಹೊರಗೆ ಚಾಚಿತ್ತು. ಕುಮಟಾ ಡಿಪೋದಲ್ಲಿ ಕಂಡಕ್ಟರಾಗಿ ಅವಳು ಎರಡು ವರ್ಷದಿಂದ ತೊಡುತ್ತಿದ್ದ ಅಂಗಿ ಅದು.

"ದೊಡ್ಡಮ್ಮ, ನನ್ನ ಅಂಗಿ ಎಂತಕೆ ಗೂಟದಿಂದ ತೆಗ್ದದ್ದು?"

"ಇನ್ನು ಅದು ಎಂತಕೆ ಬೇಕು?" ಎಂದಳು ಪರಮೇಶ್ವರಿ. ಅವಳು ಕಮಲಿಯ ಗಂಡನ ಅಣ್ಣನ ಹೆಂಡತಿ, ಪಕ್ಕದ ಮನೆಯವಳು. ಅಣ್ಣತಮ್ಮ ಇಬ್ಬರೂ ತೀರಿಕೊಂಡ ಮೇಲೆ ಕುಟುಂಬದ ಹಿರಿತನ ಅವಳ ಕೈಗೆ ಬಂದಿತ್ತು. "ಬೆಳಿಗ್ಗೆ ಐದೂಮುಕ್ಕಾಲಿಗೆ ನೀ ಬಸ್ಸಿಗೆ ಓಡ್ತಿದ್ದಿ. ಅವ್ಳಿದ್ಳು, ಮನೆ ನಡೀತು. ಇನ್ನು ಯಾರು ನೋಡ್ತ್ರು? ಅಜಯಂಗೂ ಹೇಳಿದ್ದೆ. ಅವ್ನೂ ಹೂಂ ಅಂದ."

ಹೂಂ ಅಂದದ್ದು ವೀಣಾಳಿಗೂ ಕೇಳಿಸಿತ್ತು. ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಅವಳ ಗಂಡ ತಲೆ ಎತ್ತದೆ, "ನೀವು ಹೇಳೂದೂ ಸಮವೇ" ಎಂದಿದ್ದ. ತದಡಿ ಬಂದರಿನ ಮೀನು ಬೋಟಿನಲ್ಲಿ ಕೆಲಸ ಅವನಿಗೆ. ಹೋದರೆ ವಾರಗಟ್ಟಲೆ ನೀರಿನ ಮೇಲೆ. ಅತ್ತೆಯ ಹೆಣ ಮುಂದಿಟ್ಟುಕೊಂಡು ಜಗಳವಾಡುವುದು ಹೇಗೆಂದು ವೀಣಾ ಆಗ ಮಾತು ನುಂಗಿಕೊಂಡಿದ್ದಳು. ಈಗ ಸಿಟ್ಟು ನೆತ್ತಿಗೇರಿತು. ಅತ್ತೆಗಾಗಿ ಅಳಬೇಕಾದ ದಿನ ನೌಕರಿಗಾಗಿ ಅಳುವ ಗತಿ ತಂದರಲ್ಲ ಎಂಬ ಸಿಟ್ಟು.

"ಡ್ರಮ್ ಉರುಳ್ಸಬೇಡಿ. ಪೈಪು ಮುರೀತದೆ," ಎಂದಳು.

"ಮುರೀಲಿ. ಮೈಗಳ್ಳಿ ಹಾಕಿದ ಪೈಪು!"

*

ಕಮಲಿಗೆ ಮೈಗಳ್ಳಿ ಎಂಬ ಹೆಸರು ಬಿದ್ದು ಮೂವತ್ತು ವರ್ಷವಾಗಿತ್ತು. ಇಟ್ಟವಳು ಪರಮೇಶ್ವರಿಯೇ. ದಿನಾ ಮೀನಿನ ಬುಟ್ಟಿ ಹೊತ್ತು ಕುಮಟಾ ಪೇಟೆಗೆ ಹೋಗಿ ಬರುವವಳನ್ನು ಮೈಗಳ್ಳಿ ಎನ್ನಲು ಧೈರ್ಯ ಬೇಕು. ಆ ಧೈರ್ಯ ಪರಮೇಶ್ವರಿಗೆ ಧಾರಾಳವಾಗಿತ್ತು.

ಆಗ ಅಜಯ ತೊಟ್ಟಿಲ ಕೂಸು. ಒಂದು ದಿನ ಪೇಟೆಯಿಂದ ಬಂದು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ ಕಮಲಿ ಏಳಲಾರದೆ ಹೋದಳು. ಸೊಂಟ ಹಿಡಿದಿತ್ತು. ಮೂರು ದಿನ ಚಾಪೆಯ ಮೇಲೆ ಬಿದ್ದು ಮಾಡಿನ ಹಂಚು ನೋಡಿದಳು. ನಾಲ್ಕನೆಯ ದಿನ ಎದ್ದವಳೇ ಒಂದು ಇದ್ದಿಲಿನ ತುಂಡು ಹಿಡಿದುಕೊಂಡು, ಬಗ್ಗಿದಾಗಲೆಲ್ಲ ಗೋಡೆಗೆ ಒಂದು ಗೆರೆ ಎಳೆದಳು. ಕಸ ಗುಡಿಸಲು ಬಗ್ಗಿದರೆ ಗೆರೆ, ಕೊಡ ಎತ್ತಲು ಬಗ್ಗಿದರೆ ಗೆರೆ, ಒಲೆ ಊದಿದರೆ, ಮೀನು ಕೊಯ್ದರೆ, ಬಟ್ಟೆ ಕುಕ್ಕಿದರೆ ಗೆರೆ. ಸಂಜೆಗೆ ಗೋಡೆ ತುಂಬಿತು.

"ಇದೆಂತ ಗೋಡೆ ತುಂಬಾ?" ಎಂದು ಗಂಡ ಕೇಳಿದ.

"ನನ್ನ ಸೊಂಟ," ಎಂದಳು ಕಮಲಿ. "ಇನ್ಮೇಲೆ ಒಂದ್ಸಲ ಬಗ್ಗಿದ್ರೆ ಎರಡು ಕೆಲ್ಸ ಆಗ್ಬೇಕು. ಇಲ್ದಿದ್ರೆ ನಾ ಬಗ್ಗೂದೇ ಇಲ್ಲ."

ಆಡಿದಂತೆ ಮಾಡಿದಳು. ಮೊದಲು ಒಲೆ ನೆಲ ಬಿಟ್ಟು ಸೊಂಟದೆತ್ತರದ ಕಟ್ಟೆಗೆ ಏರಿತು. ನಿಂತು ಅಡುಗೆ ಮಾಡುವ ಹೆಂಗಸನ್ನು ನೋಡಲು ಆಚೆ ಕೇರಿಯಿಂದಲೂ ಜನ ಬಂದರಂತೆ. ಆಮೇಲೆ ಒಗೆಯುವ ಕಲ್ಲು ಏರಿತು. ಪೊರಕೆಗೆ ಉದ್ದದ ಬಿದಿರು ಕೋಲು ಬಂತು. ಮೀನು ಕೊಯ್ಯುವ ಈಳಿಗೆ ಬೆಂಚಿನ ಮೇಲೆ ಕೂತಿತು, ಅದರ ಎದುರು ಒಂದು ಸ್ಟೂಲು. ಬೋಟಿನ ಹಳೆಯ ಕಪ್ಪಿಯನ್ನು ಗಂಡನಿಂದ ತರಿಸಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಕಟ್ಟಿದಳು. ಹಗ್ಗ ಇಳಿಸಿ ಬಟ್ಟೆ ಹರವಿ ಎಳೆದರೆ ಸಾಕು, ಅಷ್ಟೂ ಮೇಲೇರಿ ಗಾಳಿಗೆ ಸಿಗುತ್ತಿತ್ತು. ಬಾವಿ ಹಿತ್ತಲ ದಿಬ್ಬದ ಮೇಲೆ, ಮನೆ ತಗ್ಗಿನಲ್ಲಿ. ನೀರು ತಾನಾಗಿ ಇಳಿಯುವಾಗ ತಾನೇಕೆ ಹೊರಬೇಕು ಎಂದು ಬಾವಿಕಟ್ಟೆಯಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಮನೆಯೊಳಗಿನ ನಲ್ಲಿಗೆ ಪೈಪು ಎಳೆದಳು.

ಒಂದು ತಪ್ಪೂ ಆಯಿತು. ಮೀನು ತೊಳೆದ ನೀರು ತಾನಾಗಿ ಗಿಡದ ಬುಡಕ್ಕೆ ಹೋಗಲಿ ಎಂದು ಕಮಲಿ ಕಡಿದ ಕಾಲುವೆ ನೆಟ್ಟಗೆ ಪರಮೇಶ್ವರಿಯ ತುಳಸಿಕಟ್ಟೆಗೆ ಹೋಗಿ ನಿಂತಿತು. ಮರುದಿನವೇ ಅದನ್ನು ಬಸಳೆ ಚಪ್ಪರದ ಕಡೆ ತಿರುಗಿಸಿದಳು ನಿಜ, ಆದರೆ ಆ ಜಗಳ ಮೂರು ಮಳೆಗಾಲ ನಡೆಯಿತು.

*

ವೀಣಾ ಅಂಗಳಕ್ಕಿಳಿದು ಡ್ರಮ್ಮಿಗೂ ಪರಮೇಶ್ವರಿಗೂ ನಡುವೆ ನಿಂತಳು.

"ಡ್ರಮ್ಮಿನ ನೀರು ಚೆಲ್ಬೇಕು, ಅಲ್ದಾ ದೊಡ್ಡಮ್ಮ?"

"ಹೌದು."

"ಮನೆಯೂ ತೊಳೀಬೇಕು?"

"ಹೌದು, ಅದ್ರಲ್ಲೇನು ಕೇಳೂದು?"

"ಹಂಗಾರೆ ಮನೆ ಒಳಗೇ ಚೆಲ್ಲುವ."

ನೆರೆಯ ಹೆಂಗಸರು ಮುಖ ಮುಖ ನೋಡಿಕೊಂಡರು.

"ಸೂತಕದ ನೀರಲ್ಲಿ ಮನೆ ತೊಳೆಯೂದಾ?" ಎಂದಳು ಪರಮೇಶ್ವರಿ.

"ಕಡೆಗೆ ಬಾವಿದು ಹೊಸ ನೀರು ಬಿಡುವ. ಅದೂ ಪೈಪಲ್ಲೇ ಬತ್ತದೆ. ಯಾರೂ ಕೊಡ ಹೊರೂದು ಬ್ಯಾಡ."

"ಎಲ್ಲಿ ಚೆಲ್ಬೇಕು ಅಂದಿ ಯಾವ ದೇವ್ರೂ ಹೇಳಿದ್ದಿಲ್ಲ," ಎಂದಿತು ಹಿಂದಿನಿಂದ ಒಂದು ಗಟ್ಟಿ ಧ್ವನಿ.

ಹನುಮಕ್ಕ ಬಂದಿದ್ದಳು. ಕೊರಳ ತುಂಬ ಕರಿಮಣಿ ಸರ, ತಲೆಯ ಮೇಲೆ ಹರಿವೆ ಸೊಪ್ಪಿನ ಬುಟ್ಟಿ. ಕುಮಟಾ ಪೇಟೆಯಲ್ಲಿ ಇಪ್ಪತ್ತು ವರ್ಷ ಕಮಲಿಯ ಪಕ್ಕದಲ್ಲಿ ಕೂತು ತರಕಾರಿ ಮಾರಿದವಳು. ಬುಟ್ಟಿ ಇಳಿಸಿ ಜಗಲಿಯ ಕಡೆ ನೋಡಿದಳು. ಅಲ್ಲಿ ಬರೀ ಚಾಪೆ ಇತ್ತು.

"ತಕಂಡು ಹೋದ್ರಾ? ಅಯ್ಯೋ ತಂಗಿ, ಒಂದು ಬಸ್ಸು ತಪ್ಪೋತು. ಮುಖ ನೋಡೂಕೂ ಸಿಕ್ಕಿದ್ದಿಲ್ಲ ನಂಗೆ," ಎಂದು ಅವಳು ಅಂಗಳದಲ್ಲಿ ನಿಂತಲ್ಲೇ ಗೋಳೋ ಎಂದು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿ, ಅದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಕಮಲಿ ಇದ್ದಿದ್ರೆ ಇಷ್ಟೊತ್ತಿಗೆ ತೊಳ್ದಾಗಿ ಎಲೆಯಡಿಕೆ ಕವಳ ಹಾಕ್ತಿತ್ತು. ಬಿಡು ನಲ್ಲಿ!"

ವೀಣಾ ಒಳಗೆ ಹೋಗಿ ಅಡುಗೆಮನೆಯ ನಲ್ಲಿ, ಬಚ್ಚಲ ನಲ್ಲಿ ಎರಡನ್ನೂ ಪೂರ್ತಿ ತಿರುಗಿಸಿದಳು. ಡ್ರಮ್ಮಿನ ನೀರು ಭೋರೆಂದು ನೆಲಕ್ಕೆ ಬಿತ್ತು. ನೆರೆಯವರು ಪೊರಕೆ ಹಿಡಿದರು. ನೀರು ಮುಂದೆ, ಪೊರಕೆ ಹಿಂದೆ. ಕೋಣೆ ದಾಟಿ, ನಡುಮನೆ ದಾಟಿ, ಹೊಸ್ತಿಲಿಳಿದು, ಕಾಲುವೆ ಹಿಡಿದು ಬಸಳೆಯ ಬುಡಕ್ಕೆ.

ಪರಮೇಶ್ವರಿ ಮಾತ್ರ ಮುಖ ಗಂಟುಹಾಕಿಕೊಂಡು ಬಾವಿಗೆ ಹೋದಳು. "ನಿಮ್ಮ ಆಟ ನಿಮಗೆ, ನಮ್ಮ ಪದ್ಧತಿ ನಮಗೆ," ಎಂದು ಒಂದು ಕೊಡ ಸೇದಿ ದಿಬ್ಬ ಇಳಿದು ಬಂದು ನಡುಮನೆಯಲ್ಲಿ ಹೊಯ್ದಳು. ಎರಡನೆಯದನ್ನೂ ತಂದಳು. ಮೂರನೆಯದು ಸೇದುವಾಗ ಕಟ್ಟೆಗೆ ಒರಗಿಬಿಟ್ಟಳು. ವೀಣಾ ಓಡಿಹೋಗಿ ಕೊಡ ಹಿಡಿದಳು. ಪೈಪಿನ ಬಾಯಿ ಬಾವಿಕಟ್ಟೆಯಲ್ಲೇ ಇತ್ತು.

"ಇಲ್ಲೇ ಹೊಯ್ರಿ, ದೊಡ್ಡಮ್ಮ."

ಪರಮೇಶ್ವರಿ ಹೊಯ್ದಳು. ಕೆಳಗೆ ಮನೆಯೊಳಗಿಂದ ಹನುಮಕ್ಕ, "ಬಂತು, ಬಂತು!" ಎಂದು ಕೂಗಿದಳು. ಮುದುಕಿ ಒಮ್ಮೆ ಪೈಪು ನೋಡಿದಳು, ಒಮ್ಮೆ ತಾನು ಎರಡು ಸಲ ಇಳಿದು ಹತ್ತಿದ ದಿಬ್ಬ ನೋಡಿದಳು. ಕೆಳಗೆ ಬಂದು ಕಮಲಿಯ ಸ್ಟೂಲಿನ ಮೇಲೆ ಕೂತುಬಿಟ್ಟಳು.

*

ಎರಡು ವರ್ಷದ ಹಿಂದೆ ವೀಣಾಳ ನೌಕರಿಯ ಆರ್ಡರು ಬಂದ ದಿನವೂ ಕಮಲಿ ಅದೇ ಸ್ಟೂಲಿನ ಮೇಲೆ ಕೂತು ಬಂಗಡೆ ಮೀನು ಕೊಯ್ಯುತ್ತಿದ್ದಳು. ಅಜಯ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಬೆಳಿಗ್ಗೆ ಐದೂಮುಕ್ಕಾಲಿಗೆ ಅಂದ್ರೆ ಮನೆ ಕೆಲ್ಸ ಹೆಂಗೆ?" ಎಂದು ತಲೆ ಕೆರೆದುಕೊಂಡಿದ್ದ. ಜಾಲಿ ಊರಿನ ತವರಿನಿಂದ ವೀಣಾಳ ಅಪ್ಪನೂ ಫೋನಿನಲ್ಲಿ ಅದನ್ನೇ ಕೇಳಿದ್ದ. ಆರ್ಡರು ಪೆಟ್ಟಿಗೆಯಲ್ಲಿಟ್ಟು ಮರೆಯುವುದೇ ಒಳ್ಳೆಯದೇನೋ ಎಂದು ವೀಣಾಳಿಗೇ ಅನ್ನಿಸತೊಡಗಿತ್ತು.

ಕಮಲಿ ಕೈ ತೊಳೆದುಕೊಂಡು ಸೊಸೆಯನ್ನು ಹತ್ತಿರ ಕರೆದಳು.

"ಇಷ್ಟು ವರ್ಷ ಹೊತ್ತು ಉಳಿಸ್ದೆ, ವೀಣಾ. ಅದು ಎಲ್ಲಿ ಹೋತು ಗೊತ್ತದೆಯಾ? ಒಲೆ ಎತ್ತರ ಮಾಡಿ ಅರ್ಧ ತಾಸು ಉಳೀತು. ಆ ಅರ್ಧ ತಾಸಿಗೆ ನನ್ನತ್ತೆ ಬಲೆ ಹೆಣೆಯೂಕೆ ಕೊಟ್ರು. ನೀರು ತಾನಾಗಿ ಬಂತು. ಆ ಹೊತ್ತಿಗೆ ಮೀನಿಂದು ಇನ್ನೊಂದು ಬುಟ್ಟಿ ಬಂತು. ನಾ ಉಳಿಸ್ತಾ ಹೋದೆ, ಮಂದಿ ತಕಂಡು ಹೋದ್ರು. ನಿನ್ನ ಹೊತ್ತು ಯಾರಿಗೂ ಕೊಡ್ಬೇಡ. ನೀನೇ ತಕೋ."

ಆಮೇಲೆ ಮಗನ ಕಡೆ ತಿರುಗಿ, "ಇವತ್ತಿಂದ ನಿನ್ನ ಬಟ್ಟಲು ನೀನೇ ತೊಳಿ," ಎಂದಳು. ಬೋಟಿನಲ್ಲಿ ಎಂಟು ಜನರ ಪಾತ್ರೆ ತೊಳೆಯುವವನಿಗೆ ಮನೆಯ ಒಂದು ಬಟ್ಟಲು ಬಹಳ ಭಾರವಾಗಿ ಕಂಡಿತು. ಆದರೆ ತೊಳೆದ.

ಕಳೆದ ಮಳೆಗಾಲದಲ್ಲಿ ಕಮಲಿಯ ಬಲಗೈ ಸೋತಿತು. ಆ ಮೇಲೆ ಅವಳು ಸ್ಟೂಲಿನ ಮೇಲೆ ಕೂತು ಬರೀ ಬಾಯಲ್ಲೇ ಮನೆ ನಡೆಸಿದಳು. ಬಾಯಿ ಜೋರಾಗಿದ್ದರಿಂದ, ಮನೆಯನ್ನು ಅವಳೇ ನೋಡಿಕೊಳ್ಳುತ್ತಾಳೆಂದು ಕೇರಿಯೆಲ್ಲ ನಂಬಿತ್ತು.

*

ಮನೆ ತೊಳೆದು ಮುಗಿದಾಗ ಗಂಡಸರು ಬರಲು ಇನ್ನೂ ಒಂದು ತಾಸಿತ್ತು. ಹೆಂಗಸರು ಜಗಲಿಯಲ್ಲಿ ಸಾಲಾಗಿ ಕೂತರು. ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಸಾವಿನ ಮನೆಯಲ್ಲಿ ಕೈ ಖಾಲಿಯಾಗಿ ಕೂತು ಅವರಿಗೆ ಗೊತ್ತೇ ಇರಲಿಲ್ಲ.

"ನನ್ನ ಸೊಪ್ಪಿನ ಬುಟ್ಟಿಯಡಿ ಕಲ್ಲಿಟ್ಟು ಎತ್ತರ ಮಾಡಿಕೊಟ್ಟಿದ್ದು ಅವ್ಳೇ," ಎಂದಳು ಹನುಮಕ್ಕ. "'ಹನುಮಕ್ಕ, ಗಿರಾಕಿ ಬಗ್ಗಿ ನೋಡ್ಲಿ, ನೀ ಬಗ್ಬೇಡ' ಅಂತಿತ್ತು."

ಆಗ ವೀಣಾಳಿಗೆ ತಡೆಯಲಾಗಲಿಲ್ಲ. ಹನುಮಕ್ಕನ ಹೆಗಲಿಗೆ ತಲೆಯಿಟ್ಟು ಮನಸ್ಸು ಬಿಚ್ಚಿ ಅತ್ತಳು. ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಕೆಲಸ ಉಳಿದಿರಲಿಲ್ಲ. ಅತ್ತೆ ಉಳಿಸಿಕೊಟ್ಟ ಆ ಒಂದು ತಾಸನ್ನು ಅವಳು ಅತ್ತೆಗಾಗಿಯೇ ಅತ್ತು ಮುಗಿಸಿದಳು.

ಗಂಡಸರು ಬಂದರು. ಬಾವಿಕಟ್ಟೆಯಲ್ಲಿ ಮಿಂದರು. ಅಜಯ ಅಭ್ಯಾಸದಂತೆ ಒದ್ದೆ ಪಂಚೆಯನ್ನು ಕಲ್ಲಿನ ಬುಡಕ್ಕೆ ಎಸೆದ. ಅದರ ಮೇಲೆ ಉಳಿದವರದೂ ಬಂದು ಬಿತ್ತು. ವೀಣಾ ಮುಖ ತೊಳೆದುಕೊಂಡು ಹೋಗಿ, ಸೋಪನ್ನು ಕಲ್ಲಿನ ಮೇಲಿಟ್ಟಳು.

"ಅವ್ರವ್ರ ಬಟ್ಟೆ ಅವ್ರವ್ರೇ ಒಗೀಬೇಕು. ಕಲ್ಲು ಎತ್ತರ ಅದೆ, ಸೊಂಟ ನೋಯೂದಿಲ್ಲ."

ಗಂಡಸರೆಲ್ಲ ಪರಮೇಶ್ವರಿಯ ಕಡೆ ನೋಡಿದರು. ಅವಳು ಕವಳ ಜಗಿಯುತ್ತ ತೆಂಗಿನ ಗರಿ ನೋಡುತ್ತಿದ್ದಳು.

"ಇವತ್ತೇ ಬೇಕಾ ಇದು?" ಎಂದ ಅಜಯ ಸಣ್ಣ ಧ್ವನಿಯಲ್ಲಿ.

"ನೀವು ಹೂಂ ಅಂದದ್ದೂ ಇವತ್ತೇ," ಎಂದಳು ವೀಣಾ. "ಮಳೆಗಾಲದಿಂದ ಅತ್ತೆಗೆ ಒಂದು ಚೊಂಬು ಎತ್ತೂಕೂ ಆಗ್ತಿರ್ಲಿಲ್ಲ. ಮನೆ ಯಾರು ನೋಡಿದ್ರು, ಹೇಳಿ."

ಅಜಯ ಒದ್ದೆ ಪಂಚೆಗಳ ರಾಶಿ ನೋಡಿದ. "ನೀನೇ."

"ಒಂದು ದಿನವಾದ್ರೂ ನಾ ಡ್ಯೂಟಿ ತಪ್ಸಿದ್ನಾ?"

"ಇಲ್ಲ."

"ಸೂತಕ ಕಳ್ದ ಮರುದಿನ ನಾ ಐದೂಮುಕ್ಕಾಲರ ಬಸ್ಸಿಗೆ ಹೋತೆ. ನೀವು ಮನೇಲಿದ್ದ ದಿನ ಒಲೆ ನೀವು ಹಚ್ಬೇಕು."

ಅಜಯ ಸೋಪು ಕೈಗೆತ್ತಿಕೊಂಡ. ತಾಯಿಯ ಕಲ್ಲಿನ ಮೇಲೆ ಪಂಚೆ ಹರವಿ ತಿಕ್ಕತೊಡಗಿದ. ತಿಕ್ಕುತ್ತ ತಿಕ್ಕುತ್ತ, "ಆಯೀ," ಎಂದು ಒಮ್ಮೆ ಬಾಯಿಬಿಟ್ಟು ಅತ್ತುಬಿಟ್ಟ. ಉಳಿದವರು ಒಬ್ಬೊಬ್ಬರಾಗಿ ತಮ್ಮ ಬಟ್ಟೆ ಹೆಕ್ಕಿಕೊಂಡು ಸರದಿ ನಿಂತರು.

ಕಟ್ಟಕಡೆಗೆ ಪರಮೇಶ್ವರಿ ಸ್ಟೂಲಿನಿಂದ ಎದ್ದಳು. ಬೆಳಿಗ್ಗೆ ತಾನೇ ಕಟ್ಟಿದ ಗಂಟನ್ನು ಬಿಚ್ಚಿ ಖಾಕಿ ಅಂಗಿ ಎಳೆದುಕೊಂಡಳು. ವೀಣಾ ಒಂದು ಹೆಜ್ಜೆ ಮುಂದಿಟ್ಟಳು.

"ಸರಿ ಅತ್ಲಾಗೆ," ಎಂದು ಅಜಯನನ್ನು ಸರಿಸಿ ಮುದುಕಿ ಕಲ್ಲಿನ ಎದುರು ನಿಂತಳು. "ಸೂತಕದ ಮನೇಲಿ ಇದ್ದದ್ದು. ಇದ್ಕೂ ನೀರು ಕಾಣ್ಸಬೇಕು." ಕಾಲರು ತಿಕ್ಕಿದಳು, ತೋಳು ತಿಕ್ಕಿದಳು. ನಡುವೆ ಕೈ ನಿಲ್ಲಿಸಿ ತನ್ನ ಸೊಂಟವನ್ನೊಮ್ಮೆ ಮುಟ್ಟಿ ನೋಡಿಕೊಂಡಳು. "ಇಷ್ಟು ಸುಲಭ ಅಂದಿ ಅವ್ಳು ಒಂದ್ಸಲನೂ ಹೇಳಿದ್ದಿಲ್ಲ."

"ಹೇಳಿತ್ತು. ನೀನೇ ಕೇಳಿದ್ದಿಲ್ಲ," ಎಂದಳು ಹನುಮಕ್ಕ.

ಪರಮೇಶ್ವರಿ ಅಂಗಿಯನ್ನು ಹಿಂಡಿ, ಕೊಡವಿ, ಇಳಿಬಿಟ್ಟ ಹಗ್ಗಕ್ಕೆ ಹಾಕಿ, ಗಾಳಿಗೆ ಜಾರದಂತೆ ಮೇಲಿನ ಗುಂಡಿ ಸಿಕ್ಕಿಸಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಹಗ್ಗದ ತುದಿ ಹಿಡಿದು ಎಳೆದಳು. ಕಪ್ಪಿ ಕಿರುಗುಟ್ಟಿತು. ಗಂಡಸರ ಬಿಳಿ ಪಂಚೆಗಳ ನಡುವೆ ಖಾಕಿ ಅಂಗಿ ನೀರು ತೊಟ್ಟಿಕ್ಕಿಸುತ್ತ ಮೇಲೇರಿ, ಮಾಡಿನ ನೆರಳು ದಾಟಿ, ಬಿಸಿಲಿಗೆ ಬಂತು.