ಲಾರೆಲ್ ದಂಡೆ

"ಬಾಗಿಲು ತೆಗೆದ್ರು! ನಿಮ್ಮನ್ನೇ ಕರೀತಿದಾರೆ, ಹೋಗಿ ಅಜ್ಜೀ!" ಎಂದು ಸಹಪಾಠಿ ನೋಯೆಮಿ ಬೆನ್ನಿಗೆ ಕೈಕೊಟ್ಟು ತಳ್ಳಿದಳು.

ಅರವತ್ತಮೂರರ ಜೈರಾಳ ಕಾಲು ನೆಲದ ಮೇಲಿರಲಿಲ್ಲ. ಮೂವತ್ತೊಂದು ವರ್ಷದಿಂದ ಇಟಲಿಯ ಪಾದುವಾ ಊರಿನ ಹೂವಿನಂಗಡಿಯಲ್ಲಿ ಕೂತು, ಪದವಿ ಪಡೆದವರ ತಲೆಗೆಲ್ಲ ಲಾರೆಲ್ ಎಲೆಯ ದಂಡೆ ಕಟ್ಟಿಕೊಟ್ಟವಳು ಅವಳು. ಮುಂಚೆಯೇ ಮುಡಿದರೆ ಪದವಿ ದಕ್ಕುವುದಿಲ್ಲವೆಂದು ಊರಿನ ನಂಬಿಕೆ. ಓದುವ ಆಸೆ ಒಳಗೇ ಇದ್ದವಳು ಒಂದು ದಿನವೂ ತನ್ನ ತಲೆಗಿಟ್ಟು ನೋಡಿರಲಿಲ್ಲ. ಅಳತೆಗೆ ಗಂಡ ಬೇಪಿಯ ಬೋಳುತಲೆ ಇತ್ತಲ್ಲ!

ಇವತ್ತು ಅವಳದೇ ಪದವಿಯ ಮೌಖಿಕ ಪರೀಕ್ಷೆ. ಒಳಗೆ ಐವರು ಪರೀಕ್ಷಕರು. ಹಿರಿಯ ಪ್ರೊಫೆಸರು ಅವಳ ಪ್ರಬಂಧದ ಹಾಳೆ ಮಗುಚಿದರು.

"ಲಾರೆಲ್ ಕಾಯಿಯ ಎಣ್ಣೆ ಮಂಡಿನೋವಿಗೆ ಅಂತ ಬರೆದಿದೀರಿ. ಹಳೇ ರೋಮನ್ ಗ್ರಂಥಗಳ ಆಧಾರ ಕೊಟ್ಟಿದೀರಿ, ಸರಿ. ಇಲ್ಲಿ ಮಾತ್ರ ಬರೀ 'ಅಸುಂತಾ' ಅಂತಿದೆ. ಯಾರಿವರು?"

"ನಮ್ಮಮ್ಮ, ಸಾರ್."

"ಅವರ ಬರಹ ಎಲ್ಲಿ ಸಿಗತ್ತೆ?"



"ಅವಳಿಗೆ ಬರೆಯೋಕೇ ಬರ್ತಿರ್ಲಿಲ್ಲ. ಭತ್ತದ ಗದ್ದೇಲಿ ಕಳೆ ಕೀಳೋಳು. ದಿನವಿಡೀ ನೀರಲ್ಲಿ ನಿಂತು ಬಂದ ಹೆಂಗಸರ ಮಂಡಿಗೆ ಆ ಎಣ್ಣೆ ಉಜ್ಜೋಳು. ಅವರಲ್ಲಿ ಹನ್ನೊಂದು ಜನರನ್ನ ಹುಡುಕಿ ಮಾತಾಡಿಸಿದೀನಿ. ಎಣ್ಣೆಯಿಂದ ನೋವು ಇಳೀತಿತ್ತು ಅಂದೋರು ಏಳು ಜನ. ಉಳಿದೋರು, ಎಣ್ಣೆಗಿಂತ ಅವಳ ಕೈಯೇ ಹಿತವಾಗಿತ್ತು ಅಂದ್ರು. ಎರಡನ್ನೂ ಬರೆದಿದೀನಿ."

ಪ್ರೊಫೆಸರು ಆ ಪುಟವನ್ನು ಪಕ್ಕದವರತ್ತ ಸರಿಸಿದರು. ಅಂಕ ತೀರ್ಮಾನಿಸಲು ಅವಳನ್ನು ಹೊರಗೆ ಕಳಿಸಿದರು. ಹತ್ತು ನಿಮಿಷ ಜೈರಾ ನೋಯೆಮಿಯ ಕೈಯನ್ನು ಹಿಂಡಿ ಹಿಪ್ಪೆ ಮಾಡಿದಳು. ಮತ್ತೆ ಕರೆದಾಗ ಎಲ್ಲರೂ ಎದ್ದು ನಿಂತಿದ್ದರು.

"ನೂರಹತ್ತಕ್ಕೆ ನೂರೆಂಟು!"

ಹೊರಗೆ ಕಾದಿದ್ದ ಸಹಪಾಠಿಗಳ ಕೇಕೆ ಮೊಗಸಾಲೆಯ ಕಂಬದಿಂದ ಕಂಬಕ್ಕೆ ಹಾರಿತು. ಅಂಗಳದಲ್ಲಿ ಬೇಪಿ ದಂಡೆ ಹಿಡಿದು ಕುಣಿಯುತ್ತಿದ್ದ.

"ಬನ್ನಿ ಡಾಕ್ಟ್ರಮ್ಮಾ, ತಲೆ ಬಗ್ಗಿಸಿ!" ಪದವಿ ಪಡೆದವರನ್ನೆಲ್ಲ ಅಲ್ಲಿ ಡಾಕ್ಟರೆಂದೇ ಕರೆಯುವುದು.

"ಯಾರು ಕಟ್ಟಿದ್ದು ಇದನ್ನ?"

"ನಾನೇ ಕಣೇ. ಎದುರಂಗಡಿಯವ್ನ ಹತ್ರ ತಂದಿದ್ರೆ ನನ್ನನ್ನ ಮನೆಗೆ ಸೇರಿಸ್ತಿದ್ಯಾ?"

ಅರ್ಧದಷ್ಟು ಎಲೆಗಳು ತಿರುಗುಮುರುಗು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಬರೀ ಕಡ್ಡಿ. ಎಲೆ ಬಿಗಿಯುವ ತಂತಿ ಚುಚ್ಚಿ ಅವನ ಹೆಬ್ಬೆರಳಿಗೆ ಎರಡು ಪಟ್ಟಿ.

ಅವಳು ತಲೆ ಬಗ್ಗಿಸಿದಳು. ದಂಡೆ ಒಂದು ಹುಬ್ಬಿನವರೆಗೆ ಜಾರಿತು. ಅಷ್ಟರಲ್ಲಿ ನೋಯೆಮಿ, ಪದವಿಯ ದಿನದ ವಾಡಿಕೆಯಂತೆ ಜೈರಾಳನ್ನು ಗೇಲಿ ಮಾಡಿ ಬರೆದ ಉದ್ದನೆಯ ಕಾಗದವನ್ನು ಗೋಡೆಗೆ ಅಂಟಿಸಿ, "ಗಟ್ಟಿಯಾಗಿ ಓದ್ಬೇಕು! ತಪ್ಪಿದ್ರೆ ಒಂದು ಲೋಟ ವೈನ್!" ಎಂದು ಕೂಗಿದಳು.

ಮೊದಲ ಸಾಲಿಗೇ ಜೈರಾ ನಗು ತಡೆಯಲಾರದೆ ತಪ್ಪಿದಳು. ಕಿವಿಯ ಹತ್ತಿರ ದಂಡೆಯ ತಂತಿ ಚುಚ್ಚುತ್ತಿತ್ತು. ಅದನ್ನು ಒಳಗೆ ಮಡಿಚಲು ಬೆರಳು ತಾನಾಗಿ ಮೇಲೆ ಹೋಯಿತು. ಬೇಪಿಯ ಹೆಬ್ಬೆರಳಿನ ಪಟ್ಟಿ ಕಣ್ಣಿಗೆ ಬಿತ್ತು. ಅವಳ ಕೈ ಅರ್ಧದಲ್ಲೇ ನಿಂತು, ಕೆಳಗಿಳಿದು, ಲೋಟ ಹಿಡಿಯಿತು.

ತಂತಿಯ ತುದಿ ಬಿಸಿಲಿಗೆ ಮಿನುಗುತ್ತಿತ್ತು.