ಜಿಂಕೆಮರಿಗೆ ಕಾವಲು

ವರ್ಷದಲ್ಲಿ ಎರಡು ತಿಂಗಳು ನನ್ನ ಕೆಲಸ ಒಂದೇ ಮಾತು ಹೇಳುವುದು: "ಇದ್ದಲ್ಲೇ ಬಿಟ್ಟು ಬನ್ನಿ." ಅರಣ್ಯ ಕಚೇರಿಯ ಸಹಾಯವಾಣಿಯಲ್ಲಿ ಕೂತು ಹನ್ನೊಂದು ವರ್ಷವಾಯಿತು. ಕಿಟಕಿ ಪಕ್ಕ ಮೇಜು, ಸುರುಳಿ ತಂತಿಯ ಫೋನು, ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ ಒಂದು ಕಾರ್ಡು, ಮೂಲೆಯಲ್ಲಿ ತೂತು ಕೊರೆದ ರಟ್ಟಿನ ಪೆಟ್ಟಿಗೆಗಳು. ಬೆಟ್ಟ ಹತ್ತಲು ಬಂದವರು ದಾರಿ ಬದಿಯಲ್ಲಿ ಒಂಟಿ ಮರಿ ಕಂಡ ಕೂಡಲೇ ಅದು ಅನಾಥ ಎಂದು ತೀರ್ಮಾನಿಸಿಬಿಡುತ್ತಾರೆ. ಅವರಲ್ಲಿ ಫೋನು ಮಾಡುವವರು ಪುಣ್ಯವಂತರು, ಉಳಿದವರು ನೇರ ಎತ್ತಿಕೊಂಡೇ ಬರುತ್ತಾರೆ. ಒಬ್ಬ ಮಹಾನುಭಾವ ಮೊಲದ ಮರಿಯನ್ನು ಊಟದ ಡಬ್ಬಿಯಲ್ಲಿ ತಂದಿದ್ದ. ಇನ್ನೊಬ್ಬಾಕೆ ಹಾರಲು ಕಲಿಯುತ್ತಿದ್ದ ಗೂಬೆಮರಿಗೆ ಉಣ್ಣೆಯ ಟೋಪಿ ಹಾಕಿ ತಂದಿದ್ದಳು. ತಾಯಿ ಸತ್ತುಹೋಗಿದೆ ಎಂದು ಇಬ್ಬರೂ ಆಣೆ ಇಟ್ಟರು. ಸತ್ತಿದ್ದನ್ನು ನೋಡಿದಿರಾ ಎಂದರೆ, ಇಲ್ಲ, ಹತ್ತು ನಿಮಿಷ ಕಾದೆವು, ಬರಲಿಲ್ಲ. ಹತ್ತು ನಿಮಿಷಕ್ಕೆ ಬಾರದವರೆಲ್ಲ ಸತ್ತರು ಎನ್ನುವುದಾದರೆ ನಮ್ಮ ಸಾಹೇಬರು ವಾರಕ್ಕೆ ಐದು ಸಲ ಸತ್ತಿರಬೇಕು.

ನನ್ನ ಅಕ್ಕ ಈ ಎರಡು ಗುಂಪಿಗೂ ಸೇರಿದವಳಲ್ಲ. ಅವಳು ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಹತ್ತೊಂಬತ್ತು ದಿನಗಳ ಹಿಂದೆ ಅವಳ ಮಗಳಿಗೆ ಹೆಣ್ಣುಮಗುವಾಯಿತು. ಮರುದಿನವೇ ಅಕ್ಕ ನಾಲ್ಕು ಚೀಲ ಹಿಡಿದು ಮಗಳ ಮೂರನೇ ಮಹಡಿಯ ಫ್ಲ್ಯಾಟಿಗೆ ಬಂದಿಳಿದಳು. ಅಂದಿನಿಂದ ಆ ಮಗು ಒಂದು ಅಳುವನ್ನೂ ಪೂರ್ತಿ ಮುಗಿಸಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ಕೈಯಲ್ಲಿರುತ್ತದೆ, ಬಾಯಲ್ಲಿ ಬಾಟಲಿ ಇರುತ್ತದೆ. ಮಗಳು ಎದೆಹಾಲು ಕೊಡಲು ಕೂತರೆ ಅಕ್ಕ ತಲೆಯ ಹತ್ತಿರವೇ ನಿಂತು, ಮೊಣಕೈ ಮೇಲೆ, ದಿಂಬು ಕೆಳಗೆ, ಬೆನ್ನು ನೆಟ್ಟಗೆ ಎಂದು ತಿದ್ದುತ್ತಾಳೆ. ಮಗು ಮುಖ ತಿರುಗಿಸುತ್ತದೆ, ಮಗಳ ಕಣ್ಣಲ್ಲಿ ನೀರು ಬರುತ್ತದೆ, ಮತ್ತೆ ಬಾಟಲಿ ಬರುತ್ತದೆ.

ಶನಿವಾರ ಬೆಳಗ್ಗೆ ಅಕ್ಕನ ಮಗಳು ನನಗೆ ಫೋನು ಮಾಡಿದಳು. ಬಚ್ಚಲುಮನೆಯೊಳಗಿಂದ ಮಾತಾಡುತ್ತಿದ್ದಳು, ನಲ್ಲಿ ಬಿಟ್ಟ ಸದ್ದು ಕೇಳುತ್ತಿತ್ತು.

"ಚಿಕ್ಕಮ್ಮಾ, ಅಮ್ಮನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗು. ಸಾಯಂಕಾಲ ಐದು ಗಂಟೆ ತನಕ ವಾಪಸ್ ಕರ್ಕೊಂಡು ಬರಬೇಡ. ಇವತ್ತೊಂದಿನ ನಾನೂ ಮಗೂನೂ ಇಬ್ಬರೇ ಇರ್ಬೇಕು. ಹೀಗೇ ನಡೆದ್ರೆ ನಾಳೆ ಬೆಳಗ್ಗೆ ಅಮ್ಮನಿಗೆ ವಾಪಸ್ ಟಿಕೆಟ್ ತೆಗೆಸ್ತೀನಿ. ಮತ್ತೆ ಬಾ ಅಂತ ಕರೆಯಲ್ಲ."

ಅವಳು ತಮಾಷೆಗೆ ಹೇಳುವವಳಲ್ಲ. ನಮ್ಮ ಮನೆಯ ಹೆಂಗಸರು ಕೋಪ ಬಂದರೆ ಕೂಗಾಡುವುದಿಲ್ಲ, ಮಾತು ಬಿಡುತ್ತಾರೆ. ನಮ್ಮ ಅಮ್ಮನೂ ದೊಡ್ಡಮ್ಮನೂ ಒಂದು ಇಸ್ತ್ರಿಪೆಟ್ಟಿಗೆಯ ವಿಷಯಕ್ಕೆ ಮಾತು ಬಿಟ್ಟರು, ಅದು ಆರು ವರ್ಷ ನಡೆಯಿತು. ಇಲ್ಲಿ ವಿಷಯ ಮಗುವಿನದು. ಲೆಕ್ಕ ಹಾಕಿ ನೋಡಿ ನನಗೆ ನಿಜಕ್ಕೂ ಭಯವಾಯಿತು.

ಮಂಡಿ ಹಿಡಿದುಕೊಂಡಿದೆ, ಡಾಕ್ಟರು ನಡೆಯಲು ಹೇಳಿದ್ದಾರೆ, ಜೊತೆಗೆ ಯಾರೂ ಇಲ್ಲ ಎಂದು ಸುಳ್ಳು ಹೇಳಿ ಅಕ್ಕನನ್ನು ಬೆಟ್ಟದ ಕಾಲುದಾರಿಗೆ ಹೊರಡಿಸಿದೆ. ದಾರಿಯುದ್ದಕ್ಕೂ ಅವಳು ತನ್ನ ಮೊಮ್ಮಗಳು ಎಷ್ಟು ಗಂಟೆಗೆ ಏಳುತ್ತಾಳೆ, ಎಷ್ಟು ಗಂಟೆಗೆ ಒದ್ದೆ ಮಾಡುತ್ತಾಳೆ ಎಂದು ರೈಲ್ವೆ ವೇಳಾಪಟ್ಟಿಯಂತೆ ಒಪ್ಪಿಸಿದಳು. ಎದೆಗೆ ತಲೆಕೆಳಗಾಗಿ ಪಿನ್ನು ಹಾಕಿಕೊಳ್ಳುವ ನರ್ಸುಗಳ ಗಡಿಯಾರವನ್ನು ಅವಳು ನಿವೃತ್ತಿಯಾದ ಮೇಲೂ ಬಿಟ್ಟಿರಲಿಲ್ಲ. ಅದನ್ನು ಎತ್ತಿ ನೋಡಿ, "ಈಗ ಎದ್ದಿರುತ್ತೆ," ಎನ್ನುವಳು. ನಾನು ಮಂಡಿ ಹಿಡಿದುಕೊಳ್ಳುವೆ.

ಎರಡನೇ ತಿರುವಿನಲ್ಲಿ, ದಾರಿಯಿಂದ ಸ್ವಲ್ಪ ಒಳಗೆ, ಎತ್ತರದ ಹುಲ್ಲಿನಲ್ಲಿ ಜಿಂಕೆಮರಿ ಮಲಗಿತ್ತು. ಹುಟ್ಟಿ ವಾರವೂ ಆಗಿರಲಿಕ್ಕಿಲ್ಲ. ಕತ್ತನ್ನು ನೆಲಕ್ಕೆ ಒತ್ತಿ, ಕಿವಿ ಮಡಿಚಿ, ಕಣ್ಣು ಮಾತ್ರ ತೆರೆದುಕೊಂಡಿತ್ತು. ನನಗೆ ಮೊದಲು ಕಾಣಲಿಲ್ಲ. ಅಕ್ಕನಿಗೆ ಕಂಡಿತು. ಹೊಸ ಕೂಸುಗಳು ಎಲ್ಲಿದ್ದರೂ ಅವಳಿಗೆ ಕಾಣುತ್ತವೆ.

"ಅಯ್ಯೋ, ಬಿಟ್ಟು ಹೋಗಿದಾಳೆ," ಎಂದಳು.

"ಬಿಟ್ಟು ಹೋಗಿಲ್ಲ. ಮುಟ್ಟಬೇಡ, ನಡಿ."

"ಮುಟ್ಟಲ್ಲ. ನಂಗೂ ಗೊತ್ತು." ಹತ್ತು ಹೆಜ್ಜೆ ಎಣಿಸಿ ಹಿಂದೆ ಬಂದು ಒಂದು ಬಂಡೆಯ ಮೇಲೆ ಕೂತಳು. "ಅವರಮ್ಮ ಬರೋ ತನಕ ಇಲ್ಲಿರ್ತೀನಿ. ನರಿಗಿರಿ ಬಂದ್ರೆ?"

"ಅಕ್ಕ, ನೀನು ಇಲ್ಲಿರೋ ತನಕ ಅವರಮ್ಮ ಬರಲ್ಲ."

"ನಾನೇನು ಮಾಡಿದೆ ಅವಳಿಗೆ?"

ಇದೇ ಮಾತನ್ನು ವರ್ಷಕ್ಕೆ ಮುನ್ನೂರು ಜನರಿಗೆ ಹೇಳುತ್ತೇನೆ, ಮುನ್ನೂರು ಜನರೂ ಥ್ಯಾಂಕ್ಸ್ ಹೇಳಿ ಫೋನಿಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ. ಅಕ್ಕ ನೀರಿನ ಬಾಟಲಿ ತೆಗೆದು ಪಕ್ಕದಲ್ಲಿಟ್ಟುಕೊಂಡು, ಪಾಳಿ ಶುರುವಾದವಳಂತೆ ಸೆರಗು ಸಿಕ್ಕಿಸಿಕೊಂಡಳು.

ಅರ್ಧ ಗಂಟೆಯಲ್ಲಿ ಊರುಗೋಲು ಹಿಡಿದ ಗಂಡ ಹೆಂಡತಿ ಬಂದರು. ಏನಾಯಿತು ಎಂದು ಕೇಳಿದರು. ಅಕ್ಕ ಪಿಸುದನಿಯಲ್ಲಿ ಇಡೀ ಪ್ರಕರಣ ವಿವರಿಸಿದಳು. ಅವರೂ ಮುಟ್ಟಬಾರದೆಂದು ಬಲ್ಲವರು, ಆದ್ದರಿಂದ ಮುಟ್ಟದೆ ಅವಳ ಪಕ್ಕ ಕೂತರು. ಆಮೇಲೆ ಕ್ಯಾಮೆರಾ ನೇತುಹಾಕಿಕೊಂಡವನೊಬ್ಬ ಬಂದ. ಮತ್ತೆ ಮೂವರು ಕಾಲೇಜು ಹುಡುಗಿಯರು. ಮಧ್ಯಾಹ್ನದ ಹೊತ್ತಿಗೆ ಏಳು ಮಂದಿ, ಎಲ್ಲರೂ ತಿಳಿವಳಿಕೆಯುಳ್ಳವರು, ಮರಿಯ ಸುತ್ತ ಅರ್ಧಚಂದ್ರಾಕಾರದಲ್ಲಿ ಕೂತು, ತಾಯಿ ಬರಲಿ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಮರಿ ಕೂಡ ಉಸಿರು ಬಿಗಿಹಿಡಿದೇ ಮಲಗಿತ್ತು.

ಊರುಗೋಲಿನ ಗಂಡ, "ಸಹಾಯವಾಣಿಗೆ ಕೇಳೋಣ," ಎಂದು ಫೋನು ತೆಗೆದ. ಆಚೆಯಿಂದ ನನ್ನ ಸಹೋದ್ಯೋಗಿಯ ದನಿ ಎಲ್ಲರಿಗೂ ಕೇಳುವಂತೆ ಬಂತು. ಪಾಪ, ನನ್ನ ಕಾರ್ಡನ್ನೇ ಓದುತ್ತಿದ್ದಳು: "ಮರಿಯನ್ನು ಮುಟ್ಟಬೇಡಿ. ತಾಯಿ ಅದನ್ನು ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ನೀವು ಅಲ್ಲಿದ್ದರೆ ಹತ್ತಿರ ಬರುವುದಿಲ್ಲ. ದಯವಿಟ್ಟು ಅಲ್ಲಿಂದ ಹೊರಟುಹೋಗಿ." ಕೊನೆಯ ಎರಡು ಪದಗಳ ಕೆಳಗೆ ನಾನು ಕೆಂಪು ಗೆರೆ ಎಳೆದಿದ್ದೇನೆ. ಅವಳು ಅದನ್ನೂ ಓದಿದಳು ಎನ್ನುವಷ್ಟು ಒತ್ತಿ ಹೇಳಿದಳು.

"ಹೊರಡಬೇಕಂತೆ," ಎಂದು ಆತ ಹೆಂಡತಿಗೆ ಹೇಳಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ.

"ನಾವು ಹೊರಟ್ರೆ ಇದನ್ನ ನೋಡ್ಕೊಳ್ಳೋರ್ಯಾರು?" ಎಂದಳು ಹೆಂಡತಿ. ಎಲ್ಲರೂ ತಲೆಯಾಡಿಸಿದರು.

ನನಗೆ ರೇಗಿಹೋಯಿತು. ಅಕ್ಕನನ್ನು ರಟ್ಟೆ ಹಿಡಿದು ನಾಲ್ಕು ಹೆಜ್ಜೆ ಆಚೆ ಕರೆದುಕೊಂಡು ಹೋದೆ. ಮಂಡಿಯ ನಾಟಕ ಮರೆತೇಹೋಗಿತ್ತು.

"ಅಲ್ನೋಡು," ಎಂದೆ. ಎದುರಿನ ಪೊದೆಯ ಸಂದಿನಲ್ಲಿ ಒಂದು ಕಿವಿ ಅಲ್ಲಾಡಿತು. ಹೆಣ್ಣುಜಿಂಕೆ ನಿಂತಿತ್ತು. ಎಷ್ಟು ಹೊತ್ತಿನಿಂದಲೋ ಏನೋ. ಒಂದು ಹೆಜ್ಜೆ ಮುಂದಿಟ್ಟಿತು. ಕ್ಯಾಮೆರಾದವನು ಕೆಮ್ಮಿದ, ಒಂದು ಹೆಜ್ಜೆ ಹಿಂದೆ ಸರಿಯಿತು.

ಅಕ್ಕ ಬಹಳ ಹೊತ್ತು ನೋಡಿದಳು.

"ಕೂಸನ್ನ ಒಂದನ್ನೇ ಬಿಟ್ಟು ಯಾಕೆ ಹೋಗ್ಬೇಕಿತ್ತು?" ಎಂದಳು. ಕೋಪದಿಂದಲೇ ಕೇಳಿದಳು.

"ಹೊಟ್ಟೆಪಾಡು. ನೀನು ಡ್ಯೂಟಿಗೆ ಹೋಗ್ತಿರಲಿಲ್ವಾ?"

ಆಡಿದ ಮೇಲೆ ಆಡಬಾರದಿತ್ತು ಎನಿಸಿತು. ಅಕ್ಕ ಮಗಳಿಗೆ ಎರಡು ತಿಂಗಳಾಗುತ್ತಲೇ ವಾರ್ಡಿಗೆ ಮರಳಿದ್ದಳು. ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಪರೀಕ್ಷೆಗೆ ಓದಿದವಳು ನಾನು. ಅಕ್ಕ ಸಮವಸ್ತ್ರದಲ್ಲೇ ಓಡಿ ಬಂದು, ಬಾಗಿಲು ಹಾಕಿಕೊಂಡು ಹಾಲು ಕೊಟ್ಟು, ಮತ್ತೆ ಓಡುತ್ತಿದ್ದಳು.

"ಊರವರ ಮಕ್ಕಳು ಅತ್ತಿದ್ದೆಲ್ಲ ನಾನು ಕೇಳಿದೀನಿ," ಎಂದಳು ಅಕ್ಕ. "ನನ್ನ ಮಗಳು ಅತ್ತಿದ್ದು ಕೇಳಿದ್ದು ಕಮ್ಮಿ. ಅದಕ್ಕೇ ಈಗ ಅವಳ ಮಗು ಉಸಿರೆತ್ತಿದ್ರೂ ನನಗೆ ತಡೆಯೋಕಾಗಲ್ಲ ಕಣೇ."

ಅವಳು ಮೂಗು ಒರೆಸಿಕೊಂಡು, ಬಂಡೆಯ ಹತ್ತಿರ ಹೋಗಿ, ಎದೆಯ ಗಡಿಯಾರ ಎತ್ತಿ ನೋಡಿದಳು. ದನಿ ಏರಿಸಲಿಲ್ಲ. ಮೂವತ್ತನಾಲ್ಕು ವರ್ಷ ಗಂಡಂದಿರನ್ನೂ ಅತ್ತೆಯರನ್ನೂ ಹೊರಗೆ ಕಳಿಸಿದ ದನಿ ಅದು, ಏರಿಸುವ ಅಗತ್ಯವಿರಲಿಲ್ಲ.

"ಭೇಟಿ ಸಮಯ ಮುಗೀತು. ಎಲ್ಲರೂ ಏಳಿ."

ಎಲ್ಲರೂ ಎದ್ದರು. ಊರುಗೋಲಿನವನು ಚಹಾವನ್ನು ಅರ್ಧಕ್ಕೇ ಚೆಲ್ಲಿದ. ಕ್ಯಾಮೆರಾದವನು, "ಒಂದೇ ಫೋಟೋ..." ಎಂದ. ಅಕ್ಕ ಅವನನ್ನು ನೋಡಿದಳು. ಅವನು ಕ್ಯಾಮೆರಾಕ್ಕೆ ಮುಚ್ಚಳ ಹಾಕಿದ. ಹನ್ನೊಂದು ವರ್ಷದ ನನ್ನ ಕಾರ್ಡು, ಕೆಂಪು ಗೆರೆ ಸಮೇತ, ಮಾಡದ ಕೆಲಸವನ್ನು ಅವಳು ಎರಡು ಮಾತಿನಲ್ಲಿ ಮಾಡಿದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮೇಲಿನ ತಿರುವಿನಲ್ಲಿ ಕಲ್ಲುಬೆಂಚಿದೆ. ಅಲ್ಲಿ ಕೂತೆವು. ಅಕ್ಕ ಬೇಕೆಂದೇ ಮರಿಯ ಕಡೆ ಬೆನ್ನು ಹಾಕಿ ಕೂತಳು. ಇಪ್ಪತ್ತು ನಿಮಿಷ ಕಳೆಯಿತು.

"ಬಂದಳಾ?"

"ಬಂದಳು."

"ಮರಿ ಹಾಲು ಕುಡೀತಿದೆಯಾ?"

"ಇಷ್ಟು ದೂರದಿಂದ ಹೇಗೆ ಕಾಣುತ್ತೆ?"

"ಬಾಲ ನೋಡು."

"ಪಟಪಟ ಅಲ್ಲಾಡ್ತಿದೆ."

"ಹಾಗಾದ್ರೆ ಕುಡೀತಿದೆ," ಎಂದಳು ಅಕ್ಕ. ತಿರುಗಿ ನೋಡಲಿಲ್ಲ. "ನಿನ್ನ ಮಂಡಿ ನೋವು ಹೋಯ್ತಾ?"

ನಾನು ಮತ್ತೆ ಮಂಡಿ ಹಿಡಿದುಕೊಂಡೆ.

ಫ್ಲ್ಯಾಟಿಗೆ ಮರಳಿದಾಗ ನಾಲ್ಕೂಮುಕ್ಕಾಲು. ಹೊತ್ತು ಕಳೆಯಲು ನಾನು ಎಷ್ಟು ಕುಂಟಿದರೂ ಅಕ್ಕ ನಂಬಲಿಲ್ಲ. ಎರಡನೇ ಮಹಡಿ ದಾಟುವಾಗಲೇ ಮಗುವಿನ ಅಳು ಕೇಳಿತು. ದೊಡ್ಡ ಅಳು. ಬಾಟಲಿಗಳೆಲ್ಲ ಯಾವ ಕಪಾಟಿನಲ್ಲಿವೆ ಎಂಬುದು ಅಕ್ಕನಿಗೆ ಮಾತ್ರ ಗೊತ್ತು. ಅವಳು ಎರಡೆರಡು ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತು ಕೀಲಿಕೈ ತೆಗೆದಳು. ಆಯಿತು, ಬೆಳಗ್ಗೆ ಟಿಕೆಟ್, ಆಮೇಲೆ ಆರು ವರ್ಷ ಮಾತಿಲ್ಲ ಎಂದುಕೊಂಡೆ.

ಕೀಲಿಕೈ ಬೀಗದ ಹತ್ತಿರ ಹೋಗಿ ನಿಂತಿತು. ಒಳಗೆ ಮಗು ಅಳುತ್ತಿತ್ತು. ಅಕ್ಕ ನನ್ನ ಕಡೆ ತಿರುಗಿದಳು, ಮುಖವೆಲ್ಲ ಕೆಂಪಾಗಿತ್ತು. ಮೆಲ್ಲಗೆ ಹಿಂದೆ ಸರಿದು, ಗೋಡೆ ಹಿಡಿದುಕೊಂಡು ಹತ್ತು ಮೆಟ್ಟಿಲು ಇಳಿದು ಕೂತಳು. ಮತ್ತೆ ಎದ್ದು, "ಇಲ್ಲಿದ್ರೂ ಗೊತ್ತಾಗುತ್ತೇನೋ," ಎಂದು ಇನ್ನೂ ಹತ್ತು ಇಳಿದಳು. ನಾನು ಪಕ್ಕದಲ್ಲಿ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು, ಉಗುರು ಊರುವಷ್ಟು ಗಟ್ಟಿಯಾಗಿ. ಇನ್ನೊಂದು ಕೈಯಲ್ಲಿ ಗಡಿಯಾರ ಎತ್ತಿ ನೋಡುತ್ತಿದ್ದಳು.

ಅಳು ನಿಂತಿತು.

"ನಾಲ್ಕು ನಿಮಿಷ," ಎಂದಳು. ಆಮೇಲೆ ಅಲ್ಲೇ, ಕೆಳಗಿನ ಮನೆಯವರ ಚಪ್ಪಲಿ ಗೂಡಿನ ಎದುರು, ಬಿಕ್ಕಿ ಬಿಕ್ಕಿ ಅತ್ತಳು. ನಾನು ಎತ್ತಿಕೊಳ್ಳಲು ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಲೆ ಬಾಗಿಲು ತೆರೆಯಿತು. ಅಕ್ಕನ ಮಗಳು ಕಟಾಂಜನದ ಮೇಲಿಂದ ಬಗ್ಗಿ ನೋಡಿದಳು. ಕೂದಲು ಕೆದರಿತ್ತು, ಹೆಗಲ ಮೇಲೆ ಮಗು ನಿದ್ದೆ ಮಾಡುತ್ತಿತ್ತು.

"ಅಮ್ಮಾ? ಅಲ್ಯಾಕೆ ಕೂತಿದೀಯಾ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಭೇಟಿ ಸಮಯ ಎಷ್ಟು ಹೊತ್ತಿಗೆ ಅಂತ ಕೇಳೋಣ ಅಂತ."

ಮಗಳ ತುಟಿ ಅದುರಿತು, ಆದರೆ ನಮ್ಮ ಮನೆಯ ಹೆಣ್ಣು ತಾನೇ, ಸೋಲಲಿಲ್ಲ.

"ಐದಕ್ಕೆ," ಎಂದಳು.

ಐದಕ್ಕೆ ಇನ್ನೂ ಆರು ನಿಮಿಷವಿತ್ತು. ಅಕ್ಕ ಮತ್ತೆ ಮೆಟ್ಟಿಲ ಮೇಲೆ ಕೂತಳು. ಮೇಲಿನ ಬಾಗಿಲು ಮುಚ್ಚಿದ ಸದ್ದು ಕೇಳಲಿಲ್ಲ.