ವಿಷಯ ಬಿಟ್ಟು ಬರೆದ ಪ್ಯಾರಾ

ಚಿನಾರಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾರಿನ್ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಆ ವರ್ಷ ಶಾಲೆ ಮುಗಿಸುವ ಮಕ್ಕಳ ಪ್ರಬಂಧಗಳೆಲ್ಲ ಅವಳೂ ಸೇರಿ ಟೀಚರುಗಳು ತಿದ್ದಲು ಕೂತಿದ್ದ ಈ ಶಾಲೆಯ ಊಟದ ಕೋಣೆಗೆ ಬಂದು ಬಿದ್ದಿದ್ದವು. ವಿಷಯ ಒಂದೇ, 'ನನ್ನ ತಾಯಿ'. ಹೆಸರಿನ ಮೇಲೆ ಚೀಟಿ ಅಂಟಿಸಿ ನಂಬರು ಹಾಕಿದ್ದರು. ಚೀಟಿ ಅಂಟಿಸಿದರೆ ಕೈಬರಹ ಬದಲಾಗುತ್ತದೆಯೇ? ಕೈಯಲ್ಲಿದ್ದ ಹಾಳೆಯ, ಎಡಕ್ಕೆ ವಾಲಿದ ಆ ಅಕ್ಷರ ಬೆಗಾಯಿಮಳದ್ದೆಂದು ಮೊದಲ ಸಾಲಿಗೇ ಅವಳಿಗೆ ತಿಳಿದುಹೋಗಿತ್ತು.

ನಂಟರ ಹಾಳೆ ಕೈಗೆ ಬಂದರೆ ಎದ್ದು ಒಪ್ಪಿಸಬೇಕು. ಚಿನಾರಾ ಒಪ್ಪಿಸಲಿಲ್ಲ. ತನ್ನ ಬಗ್ಗೆ ಒಂದು ಸಾಲಾದರೂ ಇದೆಯೇ ಎಂದು ನೋಡಬೇಕಿತ್ತು. ಆದರೆ ಮೊದಲ ಸಾಲು ದಾಟಲು ಧೈರ್ಯ ಬರಲಿಲ್ಲ.

ಅವಳ ಚೊಚ್ಚಲ ಮಗು ಬೆಗಾಯಿಮಳನ್ನು ಅತ್ತೆ ತೊಟ್ಟಿಲ ಸಮೇತ ತಮ್ಮ ಹಳ್ಳಿಗೆ ಒಯ್ದಿದ್ದರು. ಅಲ್ಲಿನ ಪದ್ಧತಿಯಲ್ಲಿ ಮೊದಲ ಮೊಮ್ಮಗು ಹಿರಿಯರದ್ದು. ಅವರು ಕೇಳಿದ ಮೇಲೆ ಯಾವ ಸೊಸೆ ಇಲ್ಲವೆನ್ನುತ್ತಾಳೆ? ಮಗು ಅಜ್ಜಿಯನ್ನು ಅಮ್ಮ ಎಂದಿತು, ಹೆತ್ತವಳನ್ನು ಅತ್ತಿಗೆ ಎಂದಿತು. ಚಿನಾರಾ ಓಗೊಟ್ಟಳು. ಆಮೇಲೆ ಇಬ್ಬರು ಗಂಡುಮಕ್ಕಳಾದರೂ ಹೊಟ್ಟೆಯ ಸಂಕಟ ಆರಲಿಲ್ಲ. ನಿಜವನ್ನು ಹುಡುಗಿಗೆ ಹೇಳಿದವರು ಯಾರೂ ಇಲ್ಲ.

"ಏನೇ, ಅದೊಂದೇ ಹಾಳೆ ಹಿಡ್ಕೊಂಡು ತಪಸ್ಸು ಮಾಡ್ತಿದೀಯಾ? ಕೊಡಿಲ್ಲಿ," ಎಂದು ಜೊತೆ ಪರೀಕ್ಷಕಿ ಉಮ್ಸುನಾಯ್ ಕೈ ಚಾಚಿದರು. ನಿವೃತ್ತಿಗೆ ಬಂದ ಟೀಚರು, ಬಾಯಿ ಮಾತ್ರ ಇನ್ನೂ ಹರಿತ. "ಬೆಳಗಿಂದ ನೋಡ್ತಿದೀನಿ, ಎಲ್ಲಾ ತಾಯಂದ್ರೂ ಸೂರ್ಯ, ಎಲ್ಲಾ ತಾಯಂದ್ರೂ ಚಂದ್ರ. ಬೈಯೋ ತಾಯಿ ಈ ಜಿಲ್ಲೇಲಿ ಒಬ್ಬಳೂ ಇಲ್ವೇನೇ?"

ಕರಿದ ಬೋರ್ಸೊಕ್ ರೊಟ್ಟಿ ತಿಂದ ಎಣ್ಣೆ ಬೆರಳನ್ನು ಕರವಸ್ತ್ರಕ್ಕೆ ಒರೆಸಿ, ಹಾಳೆ ತೆಗೆದುಕೊಂಡು, ಅರ್ಧಕ್ಕೆ ಬರುವಷ್ಟರಲ್ಲಿ ದನಿ ಎತ್ತಿ ಓದತೊಡಗಿದರು:

'ನನಗೊಬ್ಬಳು ಅತ್ತಿಗೆ. ಭಾನುವಾರ ಬರುತ್ತಾಳೆ. ಅಮ್ಮ ನನ್ನ ಜಡೆ ಹೆಣೆಯುವಾಗ ಅತ್ತಿಗೆಯ ಬೆರಳುಗಳು ಮಡಿಲಲ್ಲೇ ಆಡುತ್ತವೆ. ಒಮ್ಮೆ ಅಮ್ಮ ಹಾಲು ಕರೆಯಲು ಹೋದಾಗ ನಾನು ಬೇಕೆಂದೇ ಜಡೆ ಬಿಚ್ಚಿ ಅವಳ ಮುಂದೆ ಕೂತೆ. ಅವಳು ಬಾಗಿಲ ಕಡೆ ನೋಡಿದಳು. ನನ್ನನ್ನು ಮುಟ್ಟಲಿಲ್ಲ.'

ಚಿನಾರಾಳಿಗೆ ಅರ್ಥವಾಯಿತು. ಹುಡುಗಿಗೆ ಗೊತ್ತಿದೆ. ತಾಯಿಯ ಬಗ್ಗೆ ಬರೆ ಎಂದಾಗ ಇದನ್ನು ಬರೆದಿದ್ದಾಳೆ.

"ಬರವಣಿಗೆ ಅಂದ್ರೆ ಇದು ಕಣೇ," ಎಂದರು ಉಮ್ಸುನಾಯ್. "ಮೈ ಜುಮ್ಮಂತು. ಆದ್ರೆ ಕೇಳಿದ್ದು ತಾಯಿ ಬಗ್ಗೆ, ಇವಳು ನಡುವೆ ಅತ್ತಿಗೇನ ತಂದು ಕೂರ್ಸಿದಾಳೆ. ವಿಷಯ ಬಿಟ್ಟಿದಾಳೆ. ಐದಕ್ಕೆ ಐದು ಕೊಡಕ್ಕಾಗಲ್ಲ, ನಾಲ್ಕು."

"ನಾಲ್ಕಾದ್ರೆ ಚಿನ್ನದ ಪದಕ ಹೋಗುತ್ತೆ ಅಕ್ಕಾ!"

ಉಮ್ಸುನಾಯ್ ಕನ್ನಡಕದ ಮೇಲಿಂದ ನೋಡಿದರು. "ಪದಕಕ್ಕೆ ನಿಂತ ಹುಡುಗಿ ಅಂತ ನಿನಗ್ಯಾರು ಹೇಳಿದ್ರು?"

ಚಿನಾರಾ ತುಟಿ ಕಚ್ಚಿಕೊಂಡಳು. ಕಣ್ಣು ತಾನಾಗಿ ಬಾಗಿಲ ಕಡೆ ಹೋಯಿತು. ಅಲ್ಲಿ ಅತ್ತೆ ಇರಲಿಲ್ಲ. ಅಡುಗೆಯವಳ ಬಕೆಟ್ ಇತ್ತು, ಅಷ್ಟೆ. ಇಷ್ಟು ವರ್ಷ ಯಾರಿಗೆ ಹೆದರಿದೆ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

"ಆ ಅತ್ತಿಗೆ ನಾನೇ ಅಕ್ಕಾ."

"ನಂಟರ ಹಾಳೆ ಇಟ್ಕೊಂಡು ಕೂತಿದ್ಯಾ? ಇನ್ಮೇಲೆ ಈ ಮೇಜಿಗೆ ನಿನ್ನ ಸೇರಿಸಲ್ಲ, ಗೊತ್ತಲ್ಲ?"

"ಗೊತ್ತು. ಹಾಳೆ ಬೇರೆಯವ್ರಿಗೆ ಕೊಡಿ, ನನ್ನ ಹೆಸರು ಹೊಡೆದುಹಾಕಿ. ವಿಷಯ ಬಿಟ್ಟಿದಾಳೆ ಅಂತ ಮಾತ್ರ ಬರೀಬೇಡಿ. ಅವಳನ್ನ ಹೆತ್ತೋಳು ನಾನು."

ಉಮ್ಸುನಾಯ್ ಆ ಪ್ಯಾರಾವನ್ನು ಮತ್ತೆ ಓದಿದರು, ಈ ಸಲ ಬಾಯಿ ಬಿಡದೆ. ಅವರ ಮೊದಲ ಮಗನೂ ಹೀಗೆಯೇ ಅವರ ಅತ್ತೆಯ ಕೈಯಲ್ಲಿ ಬೆಳೆದವನು. ಹಾಳೆಯ ಅಂಚಿಗೆ ಐದು ಎಂದು ಬರೆದರು.

"ನನ್ನದು ಇಷ್ಟು. ನಿನ್ನ ಜಾಗಕ್ಕೆ ಬರೋಳು ಏನು ಹಾಕ್ತಾಳೋ, ಹುಡುಗಿ ಹಣೆಬರಹ." ಪೆನ್ನಿನ ಮುಚ್ಚಳ ಹಾಕಿ, ದನಿ ತಗ್ಗಿಸಿ ಕೇಳಿದರು, "ಅಲ್ಲ ಕಣೇ, ಮಗು ಜಡೆ ಬಿಚ್ಕೊಂಡು ಬಂದು ಕೂತ್ರೆ, ಹೆಣೀಬಾರ್ದಿತ್ತಾ?"

ಚಿನಾರಾ ಎದ್ದಳು. ಅಂದು ಭಾನುವಾರವಲ್ಲ. ಶಾಲು ಹೊದ್ದು, ಚೀಲದಲ್ಲಿ ಬಾಚಣಿಗೆ ಇದೆಯೇ ಎಂದು ತಡಕಿ ನೋಡಿ, ಅವಳು ಅತ್ತೆಯ ಹಳ್ಳಿಯ ಬಸ್ಸು ನಿಲ್ಲುವ ಕಡೆ ಹೊರಟಳು.